ಪ್ರೂಫ್ ನಾಣ್ಯಕ್ಕೆ ಅಂಟುವಾಳದ ಸ್ನಾನ

ಎಂಟು ಗ್ರಾಂ ತೂಕದ ಒಂದು ಲಕ್ಷ್ಮಿ ನಾಣ್ಯಕ್ಕೆ ನಾನು ಆ ದಿನದ ಚಿನ್ನದ ದರ ಕೊಟ್ಟು, ಅದರ ಮೇಲೆ ಹದಿನೆಂಟು ಸಾವಿರ ರೂಪಾಯಿ ಹೆಚ್ಚಿಗೆ ಕೊಟ್ಟೆ. ಮುಳಬಾಗಿಲಿನಲ್ಲಿ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳೆಯ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳನ್ನು ಕೊಂಡು, ಬಣ್ಣ ಬಳಿದು ಮಾರಿ ಮನೆ ಕಟ್ಟಿದವನು ನಾನು. ಕೊತ್ತಂಬರಿ ಸೊಪ್ಪಿನ ಕಟ್ಟನ್ನೂ ಬೇರಿನ ಮಣ್ಣು ಒದರಿಸದೆ ಚೀಲಕ್ಕೆ ಹಾಕಿಕೊಂಡವನಲ್ಲ. ಅಂಥವನು ಹೆಚ್ಚಿಗೆ ಕೊಟ್ಟದ್ದು ಯಾಕೆಂದರೆ, ದುಡ್ಡು ಉಳಿಸುವುದಕ್ಕೆ.

ನನ್ನ ಹೆಂಡತಿ ಸರೋಜಳಿಗೆ ಕೆಂಪು ಕಲ್ಲಿನ ಓಲೆ ಬೇಕಾಗಿತ್ತು. ಮದುವೆಯಲ್ಲಿ ಹಾಕಿದ್ದ ಓಲೆಯನ್ನು ನನ್ನ ಮೊದಲ ಟ್ರ್ಯಾಕ್ಟರಿಗಾಗಿ ಬಿಚ್ಚಿಕೊಟ್ಟವಳು ಅವಳು. ಆಮೇಲೆ ಕಿವಿಯಲ್ಲಿ ಎರಡು ಸಣ್ಣ ಹರಳು ಮಾತ್ರ. ಕೊಡಿಸಬೇಕೆಂಬ ಮನಸ್ಸು ನನಗೂ ಇತ್ತು. ಆದರೆ ಒಡವೆ ಅಂಗಡಿಯವನು ‘ವೇಸ್ಟೇಜು, ಮಜೂರಿ’ ಎಂದೊಡನೆ ನನ್ನ ಮನಸ್ಸು ಮೆಟ್ಟಿಲಿಳಿದು ಬಿಡುತ್ತಿತ್ತು. ಅವನು ವೇಸ್ಟ್ ಮಾಡಿದ್ದಕ್ಕೆ ನಾನೇಕೆ ದುಡ್ಡು ಕೊಡಬೇಕು? ಅಷ್ಟರಲ್ಲಿ ಮೊಬೈಲಿನಲ್ಲಿ ಈ ಪ್ರೂಫ್ ನಾಣ್ಯದ ಜಾಹೀರಾತು ಕಾಣಿಸಿತು. ಸಂಗ್ರಹಕಾರರಿಗೆಂದೇ ಮಾಡಿದ್ದು, ಕೆಲವೇ ನಾಣ್ಯಗಳು, ಮುಂದೆ ಬೆಲೆ ಏರುವುದು ಖಂಡಿತ ಎಂದಿತ್ತು. ಒಂದೆರಡು ವರ್ಷ ಇಟ್ಟು ಮಾರಿದರೆ ಓಲೆಯ ಜೊತೆಗೆ ಬಳೆಯೂ ಬರುತ್ತದೆ ಎಂದು ಸರೋಜಳನ್ನು ಒಪ್ಪಿಸಿದೆ. ಒಪ್ಪಿದಳು ಎನ್ನುವುದಕ್ಕಿಂತ, ಸುಮ್ಮನಾದಳು.

ನಾಣ್ಯ ಬಂತು. ಒಳಗಿನದು ಕಾಣುವ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿಯೊಳಗೆ ಕೂತಿತ್ತು. ಸುತ್ತಲ ಬಯಲು ಕನ್ನಡಿ, ನಡುವೆ ಲಕ್ಷ್ಮಿ ಮಾತ್ರ ಮಂಜು ಕವಿದಂತೆ ಮಸುಕು. ಸರೋಜ ಆಕಡೆ ಈಕಡೆ ತಿರುಗಿಸಿ ನೋಡಿ, “ರೀ, ಪ್ರೂಫ್ ಅಂದ್ರೇನು?” ಎಂದಳು. ಅಚ್ಚನ್ನು ಕನ್ನಡಿಯಂತೆ ತಿಕ್ಕಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ಮಾಡಿದ ನಾಣ್ಯ ಎಂಬುದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ನನ್ನ ವ್ಯಾಪಾರದಲ್ಲಿ ಅಲ್ಲಿಗೆ ಮುಗಿಯಿತು. “ಪ್ರೂಫ್ ಅಂದ್ರೆ, ಏನು ಮಾಡಿದ್ರೂ ಅದಕ್ಕೇನೂ ಆಗಲ್ಲ ಅಂತ. ನನ್ ವಾಚು ವಾಟರ್‌ಪ್ರೂಫ್ ಅಲ್ವಾ, ಹಂಗೆ” ಎಂದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಆ ಹೂಂ ಎಷ್ಟು ದುಬಾರಿ ಎಂದು ನನಗೆ ಹೊಳೆಯಲಿಲ್ಲ.

ಕೊಂಡ ಮಾಲಿನಲ್ಲಿ ಊನ ಹುಡುಕದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಎಂಜಿನ್ ನಂಬರು ತಿದ್ದಿದ್ದಾರೆಯೇ ಎಂದು ನೋಡುವ ಭೂತಗನ್ನಡಿಯನ್ನೇ ತಂದು ಡಬ್ಬಿಯ ಮೇಲಿನಿಂದಲೇ ನಾಣ್ಯಕ್ಕೆ ಹಿಡಿದೆ. ಲಕ್ಷ್ಮಿಯ ಹಣೆಯ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ. ಕಮಲದ ಪಕ್ಕದ ಕನ್ನಡಿಯಲ್ಲಿ ಕೂದಲೆಳೆಯಂಥ ಗೀರು. ಲಕ್ಕೂರಿನಿಂದ ಬಂದಿದ್ದ ನನ್ನ ಬಾಮೈದ ಮಂಜುನಾಥನಿಗೆ ತೋರಿಸಿದೆ. ಅವನು ಮಾಲೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವನು; ನಮ್ಮ ಮನೆಯ ಇಡ್ಲಿಯನ್ನೂ ತಿರುಗಿಸಿ ನೋಡಿಯೇ ತಿನ್ನುತ್ತಾನೆ.

“ಭಾವಾ, ಇದು ರಿಜೆಕ್ಷನ್ ಮಾಲು. ಅಚ್ಚು ಒರೆಸಿದ ಬಟ್ಟೆ ಎಳೆ ಒಳಗೇ ಉಳ್ಕೊಂಡು ಒತ್ತಿಬಿಟ್ಟಿದೆ. ಈ ಕೆಂಪು ತಾಮ್ರದ್ದೋ ಏನೋ. ನಮ್ಮಲ್ಲಾಗಿದ್ರೆ ತೊಟ್ಟಿಗೆ ಬಿಸಾಕ್ತಿದ್ವಿ.”

“ಥೂ, ಬಿಡ್ತು ಅನ್ನೋ,” ಎಂದಳು ಸರೋಜ. “ತಾಯಿ ಕುಂಕುಮ ಇಟ್ಕೊಂಡೇ ಬಂದವ್ಳೆ, ತೊಟ್ಟಿಗೆ ಬಿಸಾಕ್ತಾನಂತೆ.”

ಮಾರಿದ ಕಂಪನಿಗೆ ಫೋನು ಮಾಡಿದೆ. ಫೋನೆತ್ತಿದ ಹೆಣ್ಣುಮಗಳು ಬಹಳ ಮರ್ಯಾದಸ್ಥೆ. ಡಬ್ಬಿ ಬಿಚ್ಚದೆ ವಾಪಸು ಕಳಿಸಿ ಸರ್, ಬೇರೆ ನಾಣ್ಯ ಕಳಿಸುತ್ತೇವೆ ಎಂದಳು. ಬುದ್ಧಿವಂತನಾದವನು ಅಲ್ಲಿಗೆ ಫೋನಿಡುತ್ತಿದ್ದ. ನನಗೆ ಸಂಕಟವಾಯಿತು. ಇಷ್ಟು ಕಷ್ಟಪಟ್ಟು ಊನ ಕಂಡುಹಿಡಿದವನು, ಊನವಿಲ್ಲದ್ದನ್ನು ತಗೊಂಡು ಸುಮ್ಮನಾಗುವುದೆಂದರೆ ಅದು ವ್ಯಾಪಾರವೇ? “ಇದನ್ನೇ ಇಟ್ಕೊತೀನಮ್ಮ, ಚುಕ್ಕೆಗೆ ಎಷ್ಟು ಬಿಡ್ತೀರಿ, ಗೀರಿಗೆ ಎಷ್ಟು ಬಿಡ್ತೀರಿ ಹೇಳಿ” ಎಂದೆ. ಹಾಗೆ ಬಿಡುವ ಪದ್ಧತಿ ಇಲ್ಲ ಸರ್ ಎಂದಳು. ಇಲ್ಲ ಎನ್ನುವುದು ಮೊದಲ ಮಾತು, ಕೊನೆಯದಲ್ಲ ಎಂದುಕೊಂಡು ದಿನಕ್ಕೊಂದು ಫೋನು ಮಾಡತೊಡಗಿದೆ. ಮಂಜುನಾಥ, “ಪೋನೀಲೆ ಭಾವಾ, ಹೋಗ್ಲಿ ಬಿಡು, ಬದಲಾಯಿಸ್ಕೊಂಡ್ಬಿಡು” ಎಂದು ತೆಲುಗು ಬೆರೆಸಿ ಹೇಳಿದ. ಸಂಬಳದವನಿಗೆ ಚೌಕಾಸಿಯ ರುಚಿ ಏನು ಗೊತ್ತು ಎಂದುಕೊಂಡೆ.

ಆ ಶುಕ್ರವಾರ ದೇವರಾಯಸಮುದ್ರದಲ್ಲಿ ಒಂದು ಟ್ರ್ಯಾಕ್ಟರ್ ನೋಡಲು ಹೋದೆ. ಎಂಜಿನ್ನು ಒಂದು ಸಲ ಬಿಚ್ಚಿ ಜೋಡಿಸಿದ್ದರು. “ಬಿಚ್ಚಿದ ಮೇಲೆ ಬೆಲೆಯೇ ಬೇರೆ ಗೌಡ್ರೇ” ಎಂದು ಚೆನ್ನಾಗಿ ಇಳಿಸಿ, ಖುಷಿಯಾಗಿ ಮನೆಗೆ ಬಂದೆ. ದೇವರ ಮುಂದೆ ಬೆಳ್ಳಿ ತಟ್ಟೆಯಲ್ಲಿ ನಾಣ್ಯ ಕೂತಿತ್ತು. ಡಬ್ಬಿ ಇರಲಿಲ್ಲ. ಅರಿಶಿನ, ಕುಂಕುಮ, ಒಂದು ಸೇವಂತಿಗೆ ಎಲ್ಲ ಇತ್ತು. ಬಚ್ಚಲ ಕಟ್ಟೆಯ ಮೇಲೆ ಅಂಟುವಾಳದ ನೊರೆ, ನೊರೆಯಲ್ಲಿ ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷು.

“ಇದೇನೇ ಮಾಡ್ದೆ?”

“ಶುಕ್ರವಾರ ಅಲ್ವಾ, ಲಕ್ಷ್ಮೀನ ಡಬ್ಬೀಲಿ ಉಸಿರು ಕಟ್ಸಿ ಕೂರಿಸ್ತಾರಾ? ಆ ಗೀರು ಹೋಗುತ್ತೇನೋ ಅಂತ ಚೆನ್ನಾಗಿ ತಿಕ್ಕಿದೆ. ಪ್ರೂಫ್ ಅಂದ್ರಲ್ಲ.”

ಗೀರು ಹೋಗಿರಲಿಲ್ಲ. ಚುಕ್ಕೆಯೂ ಹೋಗಿರಲಿಲ್ಲ. ಕನ್ನಡಿ ಮಾತ್ರ ಹೋಗಿತ್ತು. ಮೊದಲು ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿದ್ದ ಕಡೆ ಈಗ ಜಿಡ್ಡು ಹಿಡಿದ ಸ್ಟೀಲ್ ತಟ್ಟೆಯಲ್ಲಿ ಕಂಡಷ್ಟೇ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಕಂಪನಿಗೆ ಫೋನು ಮಾಡಿ, ಆಯ್ತಮ್ಮ, ಬದಲಾಯಿಸಿಯೇ ಕೊಡಿ ಎಂದೆ. ಡಬ್ಬಿ ಹಾಗೇ ಇದೆಯಾ ಎಂದು ಕೇಳಿದಳು. ಡಬ್ಬಿ ಇದೆ, ನಾಣ್ಯ ಮಾತ್ರ ಹೊರಗಿದೆ ಎಂದೆ. “ಬಿಚ್ಚಿದ ಮೇಲೆ ಆಗಲ್ಲ ಸರ್,” ಎಂದಳು. ನನ್ನ ಮಾತನ್ನೇ ನನಗೆ, ಅದೂ ಸರ್ ಸೇರಿಸಿ, ಮಾರಿದ್ದಳು.

ಕೋಲಾರದ ಒಡವೆ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದೆವು. ಅಂಗಡಿಯವನು ನಾಣ್ಯವನ್ನು ತಕ್ಕಡಿಗೆ ಹಾಕಿ ತೂಕಕ್ಕೆ ಬೆಲೆ ಕಟ್ಟಿದ. ಹೊಳಪಿಗೆ ಕೊಟ್ಟ ಹದಿನೆಂಟು ಸಾವಿರದ ಸುದ್ದಿಯನ್ನು ನಾನೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಅದೇ ಚಿನ್ನಕ್ಕೆ ಕೆಂಪು ಕಲ್ಲಿನ ಓಲೆ ಬಂತು. ವೇಸ್ಟೇಜು, ಮಜೂರಿ ಬೇರೆ ಕೊಟ್ಟೆ. ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ಕಿವಿ ನೋಡಿಕೊಳ್ಳುತ್ತಾ ಸರೋಜ ಕೇಳಿದಳು: “ಇದು ಪ್ರೂಫಾ, ಇಲ್ಲ ತೊಳೀಬಹುದಾ?” ಮುಖದಲ್ಲಿ ನಗುವಿರಲಿಲ್ಲ. ಆ ಶುಕ್ರವಾರ ಅವಳು ಗೊತ್ತಿಲ್ಲದೇ ತಿಕ್ಕಿದಳೇ ಎಂದು ನನಗೆ ಇವತ್ತಿಗೂ ಸಣ್ಣದೊಂದು ಅನುಮಾನವಿದೆ. ಆದರೆ ಆ ಓಲೆ ಅವಳಿಗೆ ಒಪ್ಪುತ್ತದೆ, ಹಾಗಾಗಿ ವಿಚಾರಿಸಲು ಹೋಗಿಲ್ಲ.

ನೀವೂ ಇಂಥ ನಾಣ್ಯ ಕೊಳ್ಳುವವರಾದರೆ ನನ್ನ ಮಾತು ಕೇಳಿ. ಬಂದ ದಿನವೇ ಡಬ್ಬಿಯ ಮೇಲಿನಿಂದಲೇ ಭೂತಗನ್ನಡಿ ಹಿಡಿದು ನೋಡಿ. ಹೊಳಪಿನ ಕಡೆ ಬೆರಳು ಕೂಡ ತಾಗಿಸಬೇಡಿ. ಊನವಿದ್ದರೆ ಬದಲಾಯಿಸಿಕೊಡುತ್ತೇವೆ ಎಂದವರ ಹತ್ತಿರ ಚೌಕಾಸಿಗೆ ನಿಲ್ಲದೆ ತಕ್ಷಣ ಕಳಿಸಿಬಿಡಿ. ಓಲೆ ಕೇಳಿದವರಿಗೆ ಓಲೆಯನ್ನೇ ಕೊಡಿಸಿ. ಇಷ್ಟಾದ ಮೇಲೂ ಮನೆಯವರು ಯಾವುದಾದರೂ ಪದದ ಅರ್ಥ ಕೇಳಿ, ನಿಮಗೆ ಗೊತ್ತಿಲ್ಲದೆ ಹೋದರೆ, ‘ಗೊತ್ತಿಲ್ಲ’ ಎಂದುಬಿಡಿ. ಅದಕ್ಕೆ ವೇಸ್ಟೇಜೂ ಇಲ್ಲ, ಮಜೂರಿಯೂ ಇಲ್ಲ.