ಬಾಕಿ ಉಳಿದ ಮೂರು ಸಾಲು

ಅದೊಂದು ಮಾಮೂಲಿ ಬುಧವಾರ. ನಮ್ಮ ಮನೆಯವರು ಎರಡು ಚಪಾತಿ ತಿಂದು ವಡೋದರಾದ ತಮ್ಮ ಆಫೀಸಿಗೆ ಹೋದರು. ಮಧ್ಯಾಹ್ನ ಕುರ್ಚಿಯಲ್ಲೇ ಎದೆನೋವು ಬಂದು ತೀರಿಕೊಂಡರು. ರಸ್ತೆ, ನೀರು, ಬೀದಿದೀಪಕ್ಕೆಂದು ಸರ್ಕಾರಿ ಪ್ರಯೋಗಾಲಯಗಳು ರೂಪಿಸಿದ ಹೊಸ ತಂತ್ರಜ್ಞಾನಗಳ ಪಟ್ಟಿಯ ಪುಸ್ತಕವೊಂದನ್ನು ಅವರು ಸಿದ್ಧಮಾಡುತ್ತಿದ್ದರು, ಒಂದೊಂದಕ್ಕೆ ಒಂದೊಂದು ಸಾಲು. ಮೂರು ಸಾಲು ಬಾಕಿ ಇತ್ತು.

"ಇನ್ನು ಹೊಸಬರು ಬಂದು ಮೊದಲಿಂದ ಮಾಡ್ತಾರೆ ಮೇಡಂ. ಪುಸ್ತಕಕ್ಕೆ ಹೆಸರೂ ಅವರದೇ ಬರುತ್ತೆ," ಎಂದರು ಮೇಲಧಿಕಾರಿ.

"ಆ ಮೂರು ನಾನು ನೋಡಿ ಬರೆದುಕೊಟ್ಟರೆ?"

ಅವರು ಸ್ವಲ್ಪ ಯೋಚಿಸಿ ಒಂದು ಅನುಮತಿ ಪತ್ರ ಕೊಟ್ಟರು. ನಾನು ಪಾಠ ಮಾಡುವ ಶಾಲೆಗೆ ಬೇಸಿಗೆ ರಜೆ. ಪ್ರತಿಯೊಂದನ್ನೂ ಕೆಲಸ ಮಾಡುವಾಗ ಕಣ್ಣಾರೆ ಕಂಡೇ ಬರೆಯಬೇಕೆಂಬುದು ನಮ್ಮ ಮನೆಯವರ ನಿಯಮ. ಹಾಗೆ ನೋಡಲು ಹೊರಟವರಿಗೆ ನಗು ತಾನಾಗಿ ಎದುರಾಗುತ್ತದೆ.

೧. ಬೀರುವಿನ ಯಂತ್ರ

ನೆಲದಡಿಯ ಪೈಪು ಸೋರುವ ಸದ್ದನ್ನು ಹಿಡಿಯುವ ಯಂತ್ರ ಅಹಮದಾಬಾದಿನಲ್ಲಿತ್ತು. ನೀರಿನ ಕಚೇರಿಯ ಎಂಜಿನಿಯರ್ ಬೀರು ತೆರೆದು ತೋರಿಸಿದರು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ, ಅದರ ಮೇಲೊಂದು ಕುಂಕುಮದ ಬೊಟ್ಟು.

"ಬಳಸುವುದಿಲ್ಲವೇ?"

"ಇಷ್ಟು ದುಬಾರಿಯದ್ದನ್ನು ರಸ್ತೆಗೆ ತರೋದಾ ಬೆನ್?" ಎಂದರು. ಗುಜರಾತಿನಲ್ಲಿ ಹೆಂಗಸರನ್ನೆಲ್ಲ 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವುದು.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಯಂತ್ರ ಅಂಗಳಕ್ಕೆ ಬಂತು. ಹತ್ತು ನಿಮಿಷದಲ್ಲಿ ಸೋರಿಕೆ ಸಿಕ್ಕಿತು, ಕಚೇರಿಯ ಗೇಟಿನ ಅಡಿಯಲ್ಲೇ.

"ನೋಡಿದಿರಾ ಬೆನ್," ಎಂದರು ಎಂಜಿನಿಯರ್, "ಇದಕ್ಕೇ ಹೊರಗೆ ತೆಗೆಯಬಾರದು ಅನ್ನೋದು."

೨. ಹಗಲಿನ ದೀಪ

ಕತ್ತಲಾದಾಗ ತಾನೇ ಹೊತ್ತಿಕೊಳ್ಳುವ ಸೌರ ಬೀದಿದೀಪ ನಮ್ಮ ವಡೋದರಾದಲ್ಲೇ, ಅಲ್ಕಾಪುರಿ ಬಡಾವಣೆಯ ಹತ್ತಿರ. ತೋರಿಸಲು ಗೊತ್ತುಮಾಡಿದ ಸಮಯ ಬೆಳಿಗ್ಗೆ ಹನ್ನೊಂದು. ಲೈನ್‌ಮನ್ ಏಣಿ ಹತ್ತಿ, ಬೆಳಕನ್ನು ಗುರುತಿಸುವ ಗಾಜಿನ ಬಿಲ್ಲೆಯ ಮೇಲೆ ತನ್ನ ಟೊಪ್ಪಿ ಮುಚ್ಚಿದ. ದೀಪ ಹೊತ್ತಿತು.

"ಸಂಜೆಯೂ ಹೊತ್ತುತ್ತಾ?"

"ಗೊತ್ತಿಲ್ಲ ಬೆನ್. ನನ್ನ ಡ್ಯೂಟಿ ಐದಕ್ಕೆ ಮುಗಿಯುತ್ತೆ."

ಏಳೂವರೆಗೆ ಮತ್ತೆ ಹೋದೆ. ದೀಪ ಚೆನ್ನಾಗಿ ಉರಿಯುತ್ತಿತ್ತು. ಟೊಪ್ಪಿಯೂ ಇನ್ನೂ ಅಲ್ಲೇ ಇತ್ತು.

೩. ಕಾವಲಿನ ಗುಂಡಿ

ಟೊಪ್ಪಿ ತೆಗೆಸಿ ಮರುದಿನ ಸಂಜೆ ಇನ್ನೊಮ್ಮೆ ನೋಡಿ, ಬರೆದುಕೊಂಡು, ಸೂರತ್‌ಗೆ ಹೋದೆ. ಅಲ್ಲಿ ಉಡುಪಿ ಹೋಟೆಲೊಂದರ ಎದುರು, ಮಳೆನೀರಲ್ಲೂ ಗಟ್ಟಿಯಾಗುವ ಮಿಶ್ರಣ ಹಾಕಿ ಮುಚ್ಚಿದ ರಸ್ತೆಗುಂಡಿ. ಸುತ್ತ ನಾಲ್ಕು ಬ್ಯಾರಿಕೇಡ್.

"ಇವು ಯಾಕೆ?" ಎಂದು ರಸ್ತೆಯ ಎಂಜಿನಿಯರನ್ನು ಕೇಳಿದೆ.

"ಗಾಡಿ ಓಡಾಡಿದರೆ ಹಾಳಾಗಲ್ವಾ ಬೆನ್? ಆಮೇಲೆ ನಿಮಗೆ ತೋರಿಸೋದೇನು?"

ಹೋಟೆಲಿನವರು ಕುಂದಾಪುರದ ಕಡೆಯವರು. "ಇದನ್ನು ಸುತ್ತಿ ಹೋಗಿ ಹೋಗಿ ಆಚೀಚೆ ಎರಡು ಹೊಸ ಗುಂಡಿ ಬಿದ್ದಿದೆ ಅಕ್ಕ," ಎಂದರು.

ಬ್ಯಾರಿಕೇಡ್ ತೆಗೆಸಿ ಎಂದೆ. ಎಂಜಿನಿಯರ್ ಒಪ್ಪಲಿಲ್ಲ. ಈ ಸಾಲು ಬರೆಯದೆ ವಾಪಸು ಹೋಗುವುದಿಲ್ಲವೆಂದು ಹೇಳಿ ಹೋಟೆಲಿನ ಕಿಟಕಿಯ ಬಳಿ ಕೂತೆ. ಎರಡನೇ ಕಾಫಿಯ ಹೊತ್ತಿಗೆ ಬ್ಯಾರಿಕೇಡ್ ಸರಿಯಿತು. ಸಿಟಿ ಬಸ್ಸು, ಆಟೊ, ಸೀರೆ ಗಂಟು ತುಂಬಿದ ಟೆಂಪೊ, ಎಲ್ಲ ಅದರ ಮೇಲೆಯೇ ಹೋದವು. ಪ್ರತಿ ಬಸ್ಸಿಗೂ ಎಂಜಿನಿಯರ್ ಕಣ್ಣು ಮುಚ್ಚುತ್ತಿದ್ದರು. ಸಂಜೆ ಸ್ಕೇಲ್ ಇಟ್ಟು ನೋಡಿದೆ. ಎಲ್ಲೂ ಕುಸಿದಿರಲಿಲ್ಲ.

ಅವರು ಬಗ್ಗಿ ಮುಟ್ಟಿ ನೋಡಿದರು. "ಬೆನ್, ಇದು ನಿಜವಾಗಿಯೂ ಕೆಲಸ ಮಾಡುತ್ತೆ." ಆಮೇಲೆ ದನಿ ತಗ್ಗಿಸಿದರು: "ಮೇಲಿನವರಿಗೆ ಮಾತ್ರ ಹೇಳಬೇಡಿ. ಊರಿನ ಗುಂಡಿಯೆಲ್ಲ ಮುಚ್ಚು ಅಂತಾರೆ."

ನಾನು ಬರೆದೆ.

ದೀಪಾವಳಿಗೆ ಮೊದಲು ಪುಸ್ತಕ ಅಚ್ಚಾಗಿ ಬಂತು. 'ಸಂಕಲನ' ಎಂಬಲ್ಲಿ ನಮ್ಮ ಮನೆಯವರ ಹೆಸರಿದೆ.