ಮಾವ ರೇಡಿಯೇಟರ್ ಬದಲಿಸಿದ್ದು

ನಮ್ಮ ಸೋದರಮಾವ ತನ್ನ ಮೊಣಕಾಲು ನೋವನ್ನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತರಿಗೂ ಪ್ಯಾಂಟು ಮೇಲೆತ್ತಿ ತೋರಿಸುತ್ತಾನೆ; ಕಾರಿನ ಬಾನೆಟ್ ಮಾತ್ರ ಯಾವ ಮೆಕ್ಯಾನಿಕ್ಕಿಗೂ ತೋರಿಸುವುದಿಲ್ಲ! ಸಂಡೂರಿನ ಗಣಿಯಲ್ಲಿ ಮೂವತ್ತು ವರ್ಷ ದೊಡ್ಡ ದೊಡ್ಡ ಯಂತ್ರ ಓಡಿಸಿದವನು. ಓಡಿಸುವುದು ಬೇರೆ, ರಿಪೇರಿ ಬೇರೆ ಎಂದು ಅವನಿಗೆ ಹೇಳುವವರು ಯಾರು?

ಆ ಕಾರು ವಾರಕ್ಕೆರಡು ಸಲ ಅತ್ತೆಯನ್ನು ಹೊಸಪೇಟೆಗೆ ಡಯಾಲಿಸಿಸ್‌ಗೆ ಕರೆತರುತ್ತಿತ್ತು. ಅದಿರಿನ ಕೆಂಪು ಧೂಳು ಮೆತ್ತಿ ರೇಡಿಯೇಟರ್ ಇಟ್ಟಿಗೆಯಂತಾಗಿತ್ತು. ಗುಡ್ಡ ಏರುವಾಗಲೆಲ್ಲ ಎಂಜಿನ್ ಕಾಯುತ್ತಿತ್ತು. ಮಾವ ಗಾಡಿ ನಿಲ್ಲಿಸಿ, ಆರಿದ ಮೇಲೆ ಕ್ಯಾನಿನಿಂದ ನೀರು ಸುರಿದು, "ಅದಕ್ಕೂ ನೀರಡಿಕಿ ಆಗತದ" ಎನ್ನುತ್ತಿದ್ದ. ಪಕ್ಕದಲ್ಲಿ ಕುಳಿತ ಅತ್ತೆ ಮಾತ್ರ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ.

ಒಂದು ಸೋಮವಾರ ಏರಿನಲ್ಲೇ ರೇಡಿಯೇಟರ್ ಒಡೆಯಿತು. ಒಂದು ತಾಸು ಬಿಸಿಲಲ್ಲಿ ಕುಳಿತ ಅತ್ತೆಯನ್ನು, ಜೊತೆಗೆ ಮಾವನನ್ನೂ, ಕೊನೆಗೆ ಅದಿರು ಲಾರಿಯವನೊಬ್ಬ ಕ್ಯಾಬಿನ್ನಿಗೆ ಹತ್ತಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಫೋನ್ ಬಂದೊಡನೆ ನಾನೂ ಅಲ್ಲಿಗೆ ಓಡಿದೆ. ಅಂದು ಸೂಜಿ ಚುಚ್ಚಲು ಅವಳ ಕೈಯಲ್ಲಿ ನರವೇ ಬೇಗ ಸಿಗಲಿಲ್ಲ. ಇದು ಇನ್ನೆಷ್ಟು ದಿನ ನಡೆದೀತೋ ಹೇಳಲಾಗದು ಎಂದು ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದರು. ಮಾವ ಎಲ್ಲ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ರೇಡಿಯೇಟರ್ ಎಲ್ಲಿ ಸಿಗತಾವ?" ಎಂದ.

ಅತ್ತೆಯನ್ನು ಹೊಸಪೇಟೆಯಲ್ಲೇ, ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಮಲಗಿಸಿದೆವು. ಕಾರನ್ನು ಎಳೆಸಿ ತಂದು ಬಾಗಿಲ ಮುಂದೆ ನಿಲ್ಲಿಸಿದ್ದಾಯಿತು. ಗುರುವಾರ ಮತ್ತೆ ಡಯಾಲಿಸಿಸ್. ಮೆಕ್ಯಾನಿಕ್ಕನ್ನು ಕರೆಯೋಣವೆಂದೆ, ಟ್ಯಾಕ್ಸಿ ಹೇಳೋಣವೆಂದೆ. ಎರಡಕ್ಕೂ ಉತ್ತರವಾಗಿ ಮಾವ ಸ್ಪ್ಯಾನರ್ ಕೇಳಿದ.

ಮಂಗಳವಾರ ಹಳೆಯದನ್ನು ಬಿಚ್ಚಿದ. ಬಿಚ್ಚಿದ ಬೋಲ್ಟುಗಳನ್ನೆಲ್ಲ ನಮ್ಮ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಜೋಡಿಸಿದ್ದನ್ನು ಕಂಡು ನನ್ನ ಹೆಂಡತಿ, ಇನ್ನೊಂದು ವಾರ ಉಪ್ಪಿಟ್ಟೇ ಗತಿ ಎಂದು ಸಾರಿದಳು. ಬುಧವಾರ ಹೊಸದನ್ನು ಕೂರಿಸಿ, ಪೈಪುಗಳಿಗೆ ಕ್ಲಿಪ್ ಬಿಗಿದು, ಮುಗಿಯಿತೆಂದು ಕೈ ಒರೆಸಿಕೊಂಡಾಗ ತಟ್ಟೆಯಲ್ಲಿ ಇನ್ನೂ ಎರಡು ಬೋಲ್ಟು! ಕಂಪನಿಯವರು ಎರಡು ಹೆಚ್ಚಿಗೆ ಹಾಕಿರುತ್ತಾರೆಂದು ಮಾವನ ವಾದ. ಎಂಜಿನ್ ಚಾಲೂ ಮಾಡಿ ಅವನು ಕೆಳಗೆ ಬಗ್ಗಿದ್ದೇ ತಡ, ಪೈಪು ಕಳಚಿ ಎಂಜಿನ್ ತಂಪಿಗೆ ತುಂಬಿದ ಹಸಿರು ಕೂಲಂಟ್ ಪೂರಾ ಅವನ ಬನಿಯನ್ನಿಗೆ ಅಭಿಷೇಕವಾಯಿತು. ಓಣಿಯವರೆಲ್ಲ ನಕ್ಕರು. ಮಾವ ಹಸಿರು ಬನಿಯನ್ನಿನಲ್ಲೇ ಕುಳಿತು ಮತ್ತೆ ಮೊದಲಿನಿಂದ ಬಿಚ್ಚತೊಡಗಿದ.

ನಾನು ಸಿಟ್ಟಿನಿಂದ ಒಳಗೆ ಹೋಗಿ ಅತ್ತೆಗೆ ದೂರು ಹೇಳಿದೆ. ಅವಳು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು.

"ಮಾಡ್ಲಿ ಬಿಡಪಾ," ಎಂದಳು. "ದವಾಖಾನ್ಯಾಗ ನಾಕು ತಾಸು ಸುಮ್ನ ನನ್ನ ಮಾರಿ ನೋಡ್ಕೊಂತ ಕುಂದ್ರತಾರ. ಇದನ್ನರ ಅವ್ರು ಸರಿ ಮಾಡ್ಲಿ."

ನಾನು ಹೊರಗೆ ಬಂದು ಪೈಪು ಹಿಡಿದುಕೊಂಡೆ. ಈ ಸಲ ಆ ಎರಡು ಬೋಲ್ಟುಗಳಿಗೂ ಜಾಗ ಸಿಕ್ಕಿತು.

ಗುರುವಾರ ಡಯಾಲಿಸಿಸ್ ಮುಗಿಸಿ ಸಂಡೂರಿಗೆ ಹೊರಟಾಗ ಅತ್ತೆ ಮುಂದೆ ಮಾವನ ಪಕ್ಕದಲ್ಲಿದ್ದಳು, ಹಿಂದಿನ ಸೀಟಿನಲ್ಲಿ ನಾನಿದ್ದೆ. ಅದಿರು ಲಾರಿಗಳ ಹಿಂದೆ ತೆವಳುತ್ತ ಏರು ಹತ್ತಿದರೂ ಎಂಜಿನ್ ಕಾಯಲಿಲ್ಲ. ಮನೆ ಮುಟ್ಟಿದಾಗ ಮೂರು ಗಂಟೆ. ಅತ್ತೆ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ನಾನು ಬಾಗಿಲಿಗೆ ಕೈಹಾಕಿದೆ. ಮಾವ ತಡೆದ.

"ಇಳೀಬ್ಯಾಡ," ಎಂದ ಪಿಸುಮಾತಿನಲ್ಲಿ. "ಬಾಗಿಲಾ ತೆಗದ್ರ, ಎಂಜಿನ್ ಬಂದ್ ಮಾಡಿದ್ರ ಆಕಿಗೆ ಎಚ್ಚರ ಆಗತದ. ನಿದ್ದಿ ಮಾಡಿ ಭಾಳ ದಿನ ಆತು."

ಮನೆಯ ಮುಂದೆಯೇ, ಎಂಜಿನ್ ಓಡುತ್ತಿದ್ದಂತೆ, ಒಂದು ತಾಸು ಕುಳಿತೆವು. ಬ್ಯಾಂಡೇಜ್ ಸುತ್ತಿದ ಅವಳ ಕೈ ಸೀಟಿನಿಂದ ಜಾರದಂತೆ ಮಾವ ತನ್ನ ಅಂಗೈಯಲ್ಲಿ ಹಿಡಿದುಕೊಂಡಿದ್ದ.