ಅಮೆರಿಕದಲ್ಲಿ ಪಾಸಾದ ನನಗೆ, ಮೇಬಲ್‌ಥಾರ್ಪ್‌ನಲ್ಲಿ ಉಳಿದ ನಾನು ಬರೆಯುವುದು

ಮಾನ್ಯ ಟಕರ್ ಅವರೇ,

ತಾವು ಕ್ಷೇಮವೆಂಬುದನ್ನು ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ಕಣ್ಣಾರೆ ಕಾಣುತ್ತಿರುವುದರಿಂದ, ಕ್ಷೇಮಸಮಾಚಾರ ವಿಚಾರಿಸುವ ಶ್ರಮವನ್ನು ನನಗೆ ಉಳಿಸಿದ್ದೀರಿ. ತಮ್ಮ ಹಲ್ಲುಗಳು ಕ್ಷೇಮ, ತಮ್ಮ ಸರೋವರ ಕ್ಷೇಮ, ತಮ್ಮ ತಾಯಿಯವರ ಅಡುಗೆಮನೆಯಂತೂ ನಮ್ಮ ಇಡೀ ಮನೆಗಿಂತ ವಿಶಾಲವಾಗಿ ಕ್ಷೇಮವಾಗಿದೆ. ತಾವು ಟೆಲಿವಿಷನ್ನಿನೊಳಗೆ ಮಾತ್ರ ವಾಸಿಸುವವರಾದ್ದರಿಂದಲೂ ಅಲ್ಲಿಗೆ ಅಂಚೆಯವನು ಹೋಗುವುದಿಲ್ಲವಾದ್ದರಿಂದಲೂ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು. ಮನ್ನಿಸಬೇಕು.

ನಾನು ಡೀನ್ ಮಂಬಿ, ವಯಸ್ಸು ಇಪ್ಪತ್ತು, ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬೇಸಗೆಯ ಪ್ರವಾಸಿಗರು ತಂಗಿ ಹೋದ ಗಾಲಿಮನೆಗಳನ್ನು, ಅಂದರೆ ಕ್ಯಾರವಾನ್‌ಗಳನ್ನು, ತೊಳೆಯುವವನು. ತಾವು ನನ್ನ ನಕಲು ಎಂದರೆ ತಮಗೆ ಬೇಸರವಾದೀತು. ನಾನೇ ತಮ್ಮ ಕರಡುಪ್ರತಿ ಎಂದುಕೊಳ್ಳೋಣ.

ಹದಿನಾರನೆಯ ವಯಸ್ಸಿನಲ್ಲಿ ಗಣಿತ ಪರೀಕ್ಷೆಯ ನಡುವೆ ಎದ್ದು ಹೊರಗೆ ಬಂದು ಶಾಲೆಗೆ ಶರಣು ಹೊಡೆದವನು ನಾನು. ಶಿಕ್ಷಣ ವ್ಯವಸ್ಥೆಯನ್ನು ಪ್ರತಿಭಟಿಸಿ ಬಂದೆ ಎಂದು ಕೆಲವರಿಗೆ, ಮುಖ್ಯವಾಗಿ ಹುಡುಗಿಯರಿಗೆ, ಹೇಳಿದ್ದುಂಟು, ಅದು ಸುಳ್ಳು. ಗೋಡೆಗೆ ಒರಗಿಸಿದ ಏಣಿಯ ಲೆಕ್ಕವೊಂದಿತ್ತು, ಏಣಿ ಒರಗಿಕೊಂಡು ಸುಖವಾಗಿದ್ದಂತೆ ಕಂಡಿತು, ನನಗೆ ಹಸಿವಾಗಿತ್ತು. ಸಮುದ್ರದ ಕಟ್ಟೆಯ ಮೇಲೆ ಕೂತು ಬಿಸಿ ಚಿಪ್ಸಿನ ಪೊಟ್ಟಣ ಬಿಚ್ಚಿದೆ. ಕಡಲಹಕ್ಕಿಯೊಂದು ಎರಗಿ ಅದನ್ನು ಪೊಟ್ಟಣದ ಸಮೇತ ಒಯ್ದಿತು. ನನ್ನ ವಿದ್ಯಾಭ್ಯಾಸದ ಚರಿತ್ರೆ ಇಷ್ಟೇ.

ಇದನ್ನು ನನ್ನ ತಾಯಿಯ ತಮ್ಮ, ಟೆಲಿವಿಷನ್ನಿಗೆ ಹಾಸ್ಯ ಬರೆಯುವ ಕ್ಲೈವ್ ಮಾಮ, ಆರು ಕಂತಿನ ಧಾರಾವಾಹಿ ಮಾಡಿದರು. ನಮ್ಮ ಕಡೆ ಹಾಸ್ಯಕ್ಕೆ ಆರು ಕಂತು ಧಾರಾಳವಾಯಿತು. ಆರರಲ್ಲೂ ನಾನು ಸೋತೆ, ಆರರ ಕೊನೆಯಲ್ಲೂ ಹಕ್ಕಿ ಹಾರಿತು. ಮರುದಿನದಿಂದ ಊರಿನ ಪಬ್ಬಿನಲ್ಲಿ, "ಲೋ ಡೀನ್, ತಟ್ಟೆ ಮುಚ್ಕೊಳೋ, ನಿಮ್ ಮೇಷ್ಟ್ರು ಮೇಲೆ ಹಾರಾಡ್ತಿದಾರೆ" ಎಂಬ ಸ್ವಾಗತ ಸಿಗತೊಡಗಿತು. ಅವಮಾನವಾಯಿತು ಎಂದು ಬರೆಯಬೇಕೆಂದಿದ್ದೆ, ಆದರೆ ಆಗಲಿಲ್ಲ. ಸೋತವನೆಂದು ಸರಕಾರಿ ಟೆಲಿವಿಷನ್ನೇ ಒಪ್ಪಿಕೊಂಡ ಮೇಲೆ ಯಾರೂ ನನ್ನಿಂದ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ಅದಕ್ಕಿಂತ ನೆಮ್ಮದಿಯ ಹಾಸಿಗೆ ಇನ್ನೊಂದಿಲ್ಲ.

ಆ ಹಾಸಿಗೆಯಿಂದ ನನ್ನನ್ನು ಎಬ್ಬಿಸಿದ ಕೀರ್ತಿ ತಮಗೆ ಸಲ್ಲಬೇಕು.

ನಮ್ಮ ಹಾಸ್ಯಗಳನ್ನು ಕೊಂಡೊಯ್ದು ಮರುಜನ್ಮ ಕೊಡುವುದು ತಮ್ಮ ದೇಶದ ಹಳೆಯ ರೂಢಿ ಎಂದು ಮಾಮ ಹೇಳುತ್ತಾರೆ. ಹಾಗೆ ನಮ್ಮ ಧಾರಾವಾಹಿಯನ್ನೂ ಕೊಂಡು, ಅದರಲ್ಲಿನ ನನ್ನನ್ನು ಟಕರ್ ಎಂಬ ತಮ್ಮನ್ನಾಗಿ ಮಾಡಿದರು. ತಮ್ಮವರು ಮೊದಲ ನಾಲ್ಕು ಕಂತುಗಳಲ್ಲಿ ನನ್ನ ಮಾತುಗಳನ್ನು ಚಾಚೂ ತಪ್ಪದೆ ತಮ್ಮ ಬಾಯಿಂದ ಆಡಿಸಿದರಂತೆ, ಯಾರೂ ನಗಲಿಲ್ಲವಂತೆ. ಐದನೆಯದರಲ್ಲಿ ತಾವು ಕ್ಷಮೆ ಕೇಳಿದಿರಿ. ಅಲ್ಲಿಂದ ತಮ್ಮನ್ನು ಹಿಡಿಯುವವರಿಲ್ಲ. ಕಡಲಹಕ್ಕಿಯ ಜಾಗಕ್ಕೆ, ಕಳೆದ ತಿಂಡಿಯನ್ನು ಹುಡುಕಿ ತಂದುಕೊಡುವ ಹಳದಿ ನಾಯಿ ಬಂತು. ಮೂರನೆಯ ವರ್ಷ ತಾವು ಮತ್ತೆ ಪರೀಕ್ಷೆಗೆ ಕೂತಿರಿ, ಪಾಸಾದಿರಿ, ವೇದಿಕೆ ಹತ್ತಿ ತಾಯಿಗೆ ವಂದಿಸಿದಿರಿ, ಪಿಟೀಲು ನುಡಿಯಿತು, ಎಲ್ಲರೂ ಅಪ್ಪಿಕೊಂಡಿರಿ. ಇಷ್ಟೂ ಇಪ್ಪತ್ತೆರಡು ನಿಮಿಷಗಳಲ್ಲಿ, ಅದೂ ಜಾಹೀರಾತು ಬಿಟ್ಟುಕೊಟ್ಟ ಸಮಯದಲ್ಲಿ.

ನಾನು ಮಾಮನ ಮೇಲೆ ರೇಗಿದಾಗ ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, "ಇಲ್ಲಿ ಸೋತೋನ್ನ ನೋಡಿ, ಅಬ್ಬ ಇವನೂ ನಮ್ ಹಾಗೇನೇ ಅಂತ ನಗ್ತಾರೆ ಕಣೋ. ಅಲ್ಲಿ, ಇವನು ಯಾವಾಗ ಉದ್ಧಾರ ಆಗ್ತಾನೆ ಅಂತ ಕಾಯ್ತಾ ಕೂತಿರ್ತಾರೆ. ನೂರು ಕಂತು ಎಳೀಬೇಕು, ಉದ್ಧಾರ ಮಾಡ್ದೆ ಇನ್ನೇನ್ ಮಾಡೋದು?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಎತ್ತಿಗೆ ಜ್ವರ ಬಿಟ್ಟಿದ್ದಕ್ಕೂ ಎಮ್ಮೆಗೇ ಬರೆ ಬಿದ್ದದ್ದು ನಮ್ಮ ಮನೆಯಲ್ಲಿ.

ತಾವು ಪಾಸಾದ ಮರುದಿನ ಬೆಳಿಗ್ಗೆ ಅಮ್ಮ ಜಾನಿಸ್, ಈರುಳ್ಳಿಗಲ್ಲದೆ ಬೇರೆ ಯಾವುದಕ್ಕೂ ಕಣ್ಣೀರು ಹಾಕದವಳು, ಕೆಂಪಾದ ಕಣ್ಣುಗಳಲ್ಲಿ ನನ್ನತ್ತ ಬಂದು ಎರಡೂ ಕೈ ಚಾಚಿದಳು. ನಮ್ಮ ಮನೆಯಲ್ಲಿ ಅಪ್ಪುಗೆಯನ್ನು ಹೆಣ ಸಾಗಿಸುವ ದಿನಕ್ಕೆಂದು ಮೀಸಲಿಟ್ಟಿದ್ದೇವೆ. ನನ್ನ ಒಂದು ಕೈಯಲ್ಲಿ ಬಿಸಿನೀರಿನ ಕೆಟಲ್ ಇತ್ತು, ಇನ್ನೊಂದನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. "ಯಾರಮ್ಮ ತೀರ್ಕೊಂಡ್ರು?" ಎಂದೆ. ಅವಳು ನನ್ನ ಭುಜವನ್ನು, ಸಂತೆಯಲ್ಲಿ ಸೋಫಾದ ದಿಂಬು ನೋಡುವವರ ಹಾಗೆ ಎರಡು ಸಲ ತಟ್ಟಿ, "ಅವನಿಗೂ ನಿನ್ ತಲೇನೇ ಇತ್ತು ಕಣೋ" ಎಂದಳು. ಮಧ್ಯಾಹ್ನದ ಹೊತ್ತಿಗೆ ಊರಿನ ಕಾಲೇಜಿನಲ್ಲಿ ನನ್ನ ಹೆಸರಿನಲ್ಲಿ ಗಣಿತ ಪರೀಕ್ಷೆಯ ಅರ್ಜಿ ತುಂಬಿಸಿ ಬಂದಿದ್ದಳು. ಪ್ರಮಾಣಪತ್ರಕ್ಕೆಂದು ಗಾಜು ಹಾಕಿದ ಫೋಟೋ ಕಟ್ಟೊಂದನ್ನೂ ತಂದು, ಅಜ್ಜನ ಫೋಟೋವನ್ನು ಎಡಕ್ಕೆ ಸರಿಸಿ, ಖಾಲಿಯಾಗಿಯೇ ಗೋಡೆಗೆ ತಗುಲಿಸಿದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಮಂಗಳವಾರ ತಾವು ದಯವಿಟ್ಟು ಫೇಲಾಗಬೇಕು. ದೊಡ್ಡ ಪರೀಕ್ಷೆಯಲ್ಲಿ ಸಾಧ್ಯವಾಗದಿದ್ದರೆ ವಾಹನ ಚಾಲನೆಯ ಪರೀಕ್ಷೆಯಲ್ಲಾದರೂ ಸಾಕು. ಮುಂಭಾಗದ ಒಂದು ಹಲ್ಲನ್ನು, ಎಡಗಡೆಯದಾದರೆ ಉತ್ತಮ, ಕಳೆದುಕೊಳ್ಳಬೇಕು. ತಾಯಿ ಮಾತಾಡುತ್ತಿರುವಾಗ ಫೋನು ನೋಡಬೇಕು. ನಾಯಿ ಒಮ್ಮೆಯಾದರೂ ತಿಂಡಿಯನ್ನು ತಾನೇ ತಿನ್ನಬೇಕು. ಇವುಗಳಲ್ಲಿ ಯಾವುದಕ್ಕೂ ತಮ್ಮ ಲೇಖಕರು ಒಪ್ಪದಿದ್ದರೆ, ತಾವು ಸಮುದ್ರ ದಾಟಿ ಬಂದು ಜೂನ್ ತಿಂಗಳಲ್ಲಿ ನನ್ನ ಕುರ್ಚಿಯಲ್ಲಿ ಕೂತು ಪರೀಕ್ಷೆ ಬರೆದುಕೊಡಬೇಕು; ಮುಖ ಬೇರೆಯಾದರೂ ತಲೆ ಒಂದೇ ಎಂದು ಅಮ್ಮ ಸಾಕ್ಷಿ ಹೇಳುತ್ತಾಳೆ.

ಇಲ್ಲಿಯವರೆಗೆ ಮೇ ತಿಂಗಳಲ್ಲಿ ಬರೆದದ್ದು. ಬರೆದು, ನನ್ನ ಜಾಣತನಕ್ಕೆ ನಾನೇ ನಕ್ಕು, ಬೂಟಿನ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೆ. ಈಗ ಆಗಸ್ಟ್. ನಡುವೆ ಆದದ್ದನ್ನು ಹೇಳದೆ ಪ್ರಕಟಿಸಿದರೆ ಮೇಲಿನದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ಪರೀಕ್ಷೆಗೆ ಹೋದೆ. ಅಮ್ಮನ ಬಲವಂತಕ್ಕೆ ಹೋದೆ ಎನ್ನುವುದು ಸುಲಭ, ಆದರೆ ಹಿಂದಿನ ಮೂರು ವಾರ ಕ್ಯಾರವಾನ್‌ಗಳಲ್ಲಿ ಬಾಗಿಲು ಹಾಕಿಕೊಂಡು ಲೆಕ್ಕ ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ತಾವು ಮಾಡಿದ್ದನ್ನು ನಾನೂ ಮಾಡಬಲ್ಲೆನೇನೋ ಎಂಬ ಆಸೆ ಅಮ್ಮನೊಬ್ಬಳದೇ ಆಗಿರಲಿಲ್ಲ. ಸಭಾಂಗಣದಲ್ಲಿ ಹದಿನಾರರ ಮಕ್ಕಳ ನಡುವೆ ಮೊಣಕಾಲು ಮೇಜಿಗೆ ತಾಗಿಸಿಕೊಂಡು ಕೂತೆ. ಈ ಸಲ ಏಣಿ ಇರಲಿಲ್ಲ. ಅದರ ಬದಲು ಇಳಿಜಾರಿನ ಛಾವಣಿ ಇತ್ತು. ಹಸಿವಾಯಿತು. ಗಂಟೆ ಬಾರಿಸುವವರೆಗೆ ಏಳಲಿಲ್ಲ.

ಫಲಿತಾಂಶ ನಿನ್ನೆ ಬಂತು. ಒಂಬತ್ತಕ್ಕೆ ನಾಲ್ಕು ಬಂದರೆ ಪಾಸು, ನನಗೆ ಮೂರು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಅವಳು ಬಾಯಿ ತೆರೆಯುವ ಮೊದಲೇ "ಮೂರು" ಎಂದೆ. ಅವಳು ಗೋಡೆಯ ಮೇಲಿನ ಖಾಲಿ ಕಟ್ಟನ್ನು ನೋಡಿದಳು. ನಾನೂ ನೋಡಿದೆ. ಅದರ ಪಕ್ಕಕ್ಕೆ ತಳ್ಳಿಸಿಕೊಂಡ ಅಜ್ಜ, ಮೊದಲೇ ಹೇಳಿದ್ದೆನಲ್ಲ ಎಂಬಂತೆ ನಮ್ಮಿಬ್ಬರನ್ನೂ ನೋಡುತ್ತಿದ್ದ. ಮೊದಲು ಅವಳಿಗೆ ನಗು ಬಂತು, ಆಮೇಲೆ ನನಗೆ. ಕೆಟಲ್ ಕುದಿದು ತಾನಾಗಿ ಆರಿಹೋದರೂ ನಿಲ್ಲಲಿಲ್ಲ. ಪಿಟೀಲು ಇರಲಿಲ್ಲ, ಹಿನ್ನೆಲೆಯ ನಗೆಯೂ ಇರಲಿಲ್ಲ, ನಮ್ಮ ನಗೆಯನ್ನು ನಾವೇ ನಗಬೇಕಾಯಿತು. ಕಣ್ಣೊರೆಸಿಕೊಂಡು ಅವಳು, "ಪೂರ್ತಿ ಹೊತ್ತು ಕೂತಿದ್ದೆ ತಾನೆ?" ಎಂದಳು. ಕೂತಿದ್ದೆ ಎಂದೆ. "ನವೆಂಬರಲ್ಲಿ ಇನ್ನೊಂದ್ಸಲ ಇದ್ಯಂತೆ. ಸಕ್ಕರೆ ಒಂದಾ, ಎರಡಾ?" ಎಂದಳು.

ಆದ್ದರಿಂದ ಮಾನ್ಯರೇ, ಮೇ ತಿಂಗಳ ವಿನಂತಿಗಳನ್ನೆಲ್ಲ ಹಿಂಪಡೆಯುತ್ತಿದ್ದೇನೆ. ಹಲ್ಲಿನದ್ದೊಂದನ್ನು ಮಾತ್ರ ಪರಿಶೀಲನೆಯಲ್ಲಿ ಇಟ್ಟುಕೊಳ್ಳಿ. ತಾವು ಪಾಸಾಗುತ್ತಲೇ ಇರಿ. ಅದು ತಮ್ಮ ಹೊಟ್ಟೆಪಾಡು. ಕಟ್ಟು ಗೋಡೆಯ ಮೇಲೆಯೇ ಇದೆ.

ಇಂತಿ, ತಮಗಿಂತ ಒಂದು ಅಂಕ ಹಿಂದಿರುವ
ತಮ್ಮ ವಿಶ್ವಾಸಿ,
ಡೀನ್ ಮಂಬಿ

ತಾ.ಕ.: ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ಮೀನು ತಿನ್ನುತ್ತಿದ್ದಾಗ ಕಡಲಹಕ್ಕಿ ಬಂದು ಅರ್ಧ ಒಯ್ದಿತು. ತಮ್ಮ ನಾಯಿಗೆ ತಿಳಿಸಿ. ಮೂಲ ತಂಡದಲ್ಲಿ ಇಷ್ಟು ವರ್ಷಗಳಾದರೂ ಯಾವ ಪಾಠವನ್ನೂ ಕಲಿಯದೆ ಉಳಿದದ್ದು ಈಗ ಆ ಹಕ್ಕಿಯೊಂದೇ.